ಶುಗರ್ ಇದ್ದವರ ಲಿಪಿಡ್ ರಿಪೋರ್ಟ್: ‘ನಾರ್ಮಲ್’ ಎಂದಿದ್ದರೂ ಇನ್ನೊಮ್ಮೆ ಲೆಕ್ಕ ಹಾಕಿ

“ನನಗೆ ಶುಗರ್ ಇದೆ. ಕೊಲೆಸ್ಟ್ರಾಲ್ 182, ನಾರ್ಮಲ್ ಅಂತಲೇ ರಿಪೋರ್ಟ್‌ನಲ್ಲಿದೆ. ಆದರೂ ಡಾಕ್ಟರ್ ಕೊಲೆಸ್ಟ್ರಾಲ್ ಮಾತ್ರೆ ಬರೆದಿದ್ದಾರೆ. ತೆಗೆದುಕೊಳ್ಳಲೇಬೇಕಾ?” ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಸಂಖ್ಯೆ ಬೇರೆ ಬೇರೆ ಇರುತ್ತದೆ, ಗೊಂದಲ ಮಾತ್ರ ಅದೇ.

ಲ್ಯಾಬ್‌ನವರು ಲಿಪಿಡ್ (ರಕ್ತದಲ್ಲಿನ ಕೊಬ್ಬು) ರಿಪೋರ್ಟ್‌ನ ಬಲಗಡೆ ಅಚ್ಚು ಹಾಕುವ ‘ನಾರ್ಮಲ್’ ಮಿತಿ ಸಾಮಾನ್ಯ ಜನರಿಗಾಗಿ ಇರುವಂಥದ್ದು. ಸಕ್ಕರೆ ಕಾಯಿಲೆ ಇದ್ದವರ ಮಿತಿ ಅದಕ್ಕಿಂತ ಸಾಕಷ್ಟು ಕೆಳಗಿದೆ. ರಿಪೋರ್ಟ್ ಅದನ್ನು ಹೇಳುವುದಿಲ್ಲ, ನೀವೇ ಲೆಕ್ಕ ಹಾಕಿಕೊಳ್ಳಬೇಕು. ಕೂಡುವುದು, ಕಳೆಯುವುದು ಬಂದರೆ ಸಾಕು.

ಮೊದಲು, ಶುಗರ್‌ಗೂ ಕೊಲೆಸ್ಟ್ರಾಲ್‌ಗೂ ಏನು ಸಂಬಂಧ ಅನ್ನುವುದು. ಟೈಪ್ 2 ಮಧುಮೇಹದಲ್ಲಿ ಇನ್ಸುಲಿನ್ ಮಾತನ್ನು ದೇಹ ಸರಿಯಾಗಿ ಕೇಳುವುದಿಲ್ಲ. ಹೊಟ್ಟೆಯ ಬೊಜ್ಜಿನಿಂದ ಕೊಬ್ಬಿನ ಆಮ್ಲಗಳು ಎಗ್ಗಿಲ್ಲದೆ ಲಿವರ್‌ಗೆ ಹರಿದು ಬರುತ್ತವೆ. ಲಿವರ್ ಅವನ್ನು ಟ್ರೈಗ್ಲಿಸರೈಡ್ (ಒಂದು ಬಗೆಯ ಕೊಬ್ಬು) ತುಂಬಿದ ಕಣಗಳಾಗಿ ಕಟ್ಟಿ ರಕ್ತಕ್ಕೆ ಬಿಡುತ್ತದೆ. ಆ ಕಣಗಳು ರಕ್ತದಲ್ಲಿ ಓಡಾಡುತ್ತ ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್), ಎಚ್‌ಡಿಎಲ್ (‘ಒಳ್ಳೆಯ’ ಕೊಲೆಸ್ಟ್ರಾಲ್) ಕಣಗಳ ಜೊತೆ ಸರಕು ಅದಲುಬದಲು ಮಾಡಿಕೊಳ್ಳುತ್ತವೆ. ಇದರಿಂದ ಮೂರು ಸಂಗತಿ ಒಟ್ಟೊಟ್ಟಿಗೆ ಆಗುತ್ತವೆ: ಟ್ರೈಗ್ಲಿಸರೈಡ್ ಏರುತ್ತದೆ, ಎಚ್‌ಡಿಎಲ್ ಇಳಿಯುತ್ತದೆ, ಎಲ್‌ಡಿಎಲ್ ಕಣಗಳು ಚಿಕ್ಕದಾಗಿ ದಟ್ಟವಾಗುತ್ತವೆ.

ಮೋಸ ಇರುವುದು ಈ ಮೂರನೆಯದರಲ್ಲಿ. ಇಪ್ಪತ್ತು ಕೆ.ಜಿ. ಅಕ್ಕಿಯನ್ನು ಐದು ಕೆ.ಜಿ. ಚೀಲಗಳಲ್ಲಿ ತುಂಬಿದರೆ ನಾಲ್ಕು ಚೀಲ, ಒಂದು ಕೆ.ಜಿ. ಪೊಟ್ಟಣ ಕಟ್ಟಿದರೆ ಇಪ್ಪತ್ತು ಪೊಟ್ಟಣ. ತೂಕ ಮಾತ್ರ ಎರಡೂ ಕಡೆ ಒಂದೇ. ಲ್ಯಾಬ್ ತೂಗುವುದು ಅಕ್ಕಿಯನ್ನು (ಕೊಲೆಸ್ಟ್ರಾಲ್), ಪೊಟ್ಟಣಗಳನ್ನು (ಎಲ್‌ಡಿಎಲ್ ಕಣ) ಎಣಿಸುವುದಿಲ್ಲ. ರಕ್ತನಾಳದ ಗೋಡೆಯೊಳಗೆ ನುಸುಳಿ ಬ್ಲಾಕ್ ಕಟ್ಟುವುದು ಈ ಪೊಟ್ಟಣಗಳು. ಅವು ಎಷ್ಟು ಹೆಚ್ಚೋ ಅಪಾಯ ಅಷ್ಟು ಹೆಚ್ಚು. ಜೊತೆಗೆ ಹೆಚ್ಚಿದ ಸಕ್ಕರೆ ಅದೇ ಗೋಡೆಯ ಒಳಪದರವನ್ನು ಹಾಳುಮಾಡಿರುತ್ತದೆ. ಹೀಗಾಗಿ ಒಂದೇ ಎಲ್‌ಡಿಎಲ್ ಸಂಖ್ಯೆ ಇರುವ ಇಬ್ಬರಲ್ಲಿ ಶುಗರ್ ಇದ್ದವರಿಗೆ ಹೃದಯಾಘಾತದ ಅಪಾಯ ಹೆಚ್ಚು.

ಇದು ಅಪರೂಪದ ತೊಂದರೆಯೂ ಅಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಧುಮೇಹ) ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಅದೇ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 81ರಷ್ಟು ಜನರ ಲಿಪಿಡ್‌ಗಳಲ್ಲಿ ಒಂದಲ್ಲ ಒಂದು ಏರುಪೇರು ಕಂಡುಬಂದಿತ್ತು.

ಹಂತ 1: ರಕ್ತ ಕೊಡುವ ಮೊದಲು

ಕೇಳಬೇಕಾದ ಪರೀಕ್ಷೆ ‘ಲಿಪಿಡ್ ಪ್ರೊಫೈಲ್’. ಬರೀ ‘ಟೋಟಲ್ ಕೊಲೆಸ್ಟ್ರಾಲ್’ ಮಾಡಿಸಿದರೆ ದುಡ್ಡು ದಂಡ. ಅದೇ ರಕ್ತದಲ್ಲಿ ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ), ಟಿಎಸ್‌ಎಚ್ (ಥೈರಾಯ್ಡ್), ಕ್ರಿಯಾಟಿನಿನ್ (ಕಿಡ್ನಿ), ಎಸ್‌ಜಿಪಿಟಿ (ಲಿವರ್) ಮಾಡಿಸಿಬಿಡಿ. ಮೂತ್ರದಲ್ಲಿ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ ನೋಡಲು ಹೇಳಿ. ಏಕೆಂದು ನಾಲ್ಕನೇ ಹಂತದಲ್ಲಿ ತಿಳಿಯುತ್ತದೆ.

ಉಪವಾಸ ಬೇಕೇ? ಈಗಿನ ಮಾರ್ಗಸೂಚಿಗಳ ಪ್ರಕಾರ ಮೊದಲ ತಪಾಸಣೆಗೆ ಬೇಕಿಲ್ಲ, ಊಟ ಮಾಡಿಯೂ ಕೊಡಬಹುದು. ಆದರೆ ಹಿಂದೆ ಟ್ರೈಗ್ಲಿಸರೈಡ್ 400 ದಾಟಿದ್ದರೆ 9ರಿಂದ 12 ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು. ನೀರು ಕುಡಿಯಬಹುದು. ಕಾಫಿ, ಟೀ ಬೇಡ.

ಎಚ್ಚರಿಕೆ: ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್ ಅಥವಾ ಗ್ಲಿಕ್ಲಾಜೈಡ್ ಮಾತ್ರೆ ನುಂಗುವವರು ಉಪವಾಸವಿದ್ದಾಗ ಬೆಳಗಿನ ಡೋಸ್ ತೆಗೆದುಕೊಂಡು ಲ್ಯಾಬ್‌ಗೆ ಹೊರಡಬೇಡಿ. ಸರದಿ ಬರುವಷ್ಟರಲ್ಲಿ ಶುಗರ್ ಲೋ ಆಗಬಹುದು. ಬೆಳಗ್ಗೆ ಲ್ಯಾಬ್ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ತಿಂಡಿ, ಔಷಧಿ ಎರಡನ್ನೂ ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗಿ, ರಕ್ತ ಕೊಟ್ಟ ಕೂಡಲೇ ತೆಗೆದುಕೊಳ್ಳಿ. ಕೈ ನಡುಗಿ ಬೆವರು ಕಿತ್ತುಕೊಂಡರೆ ಉಪವಾಸದ ಹಟ ಬಿಟ್ಟು ಗ್ಲೂಕೋಸ್ ಕುಡಿಯಿರಿ. ಪರೀಕ್ಷೆಯನ್ನು ನಾಳೆ ಮಾಡಿಸಬಹುದು.

ಜ್ವರ, ಆಪರೇಷನ್ ಅಥವಾ ದೊಡ್ಡ ಕಾಯಿಲೆಯಾದ ಮೇಲೆ ಕೆಲವು ವಾರ ಎಲ್‌ಡಿಎಲ್ ಸುಳ್ಳೇ ಕಡಿಮೆ ತೋರಿಸುತ್ತದೆ. ಮದುವೆ ಮನೆಯ ಊಟ, ಮದ್ಯ ಮುಗಿಸಿದ ಮಾರನೇ ದಿನ ಟ್ರೈಗ್ಲಿಸರೈಡ್ ನಿಮ್ಮ ನಿಜವಾದ ಮಟ್ಟಕ್ಕಿಂತ ಮೇಲಿರುತ್ತದೆ. ಈ ಎರಡೂ ಸಂದರ್ಭ ತಪ್ಪಿಸಿ.

ಹಂತ 2: ರಿಪೋರ್ಟ್ ಓದುವುದು

ಒಂದು ಮಾದರಿ ರಿಪೋರ್ಟ್ ಇಟ್ಟುಕೊಳ್ಳೋಣ. ಎಲ್ಲ ಸಂಖ್ಯೆಗಳೂ ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿ.ಗ್ರಾಂ. ಎಂಬ ಲೆಕ್ಕದಲ್ಲಿ:

ಒಟ್ಟು ಕೊಲೆಸ್ಟ್ರಾಲ್ 182
ಟ್ರೈಗ್ಲಿಸರೈಡ್ 240
ಎಚ್‌ಡಿಎಲ್ 34
ಎಲ್‌ಡಿಎಲ್ 100

ಮೊದಲ ಸಾಲಿನ ಪಕ್ಕದಲ್ಲಿ ‘200ಕ್ಕಿಂತ ಕಡಿಮೆ ಇದ್ದರೆ ಉತ್ತಮ’ ಎಂದಿರುತ್ತದೆ. ಬಹಳಷ್ಟು ಜನ ಅಲ್ಲಿಗೇ ಓದು ನಿಲ್ಲಿಸುತ್ತಾರೆ. ನೀವು ಆ ಸಾಲನ್ನು ಕಳೆಯುವ ಲೆಕ್ಕಕ್ಕೆ ಮಾತ್ರ ಬಳಸಿ:

ಒಟ್ಟು ಕೊಲೆಸ್ಟ್ರಾಲ್ − ಎಚ್‌ಡಿಎಲ್ = ನಾನ್-ಎಚ್‌ಡಿಎಲ್
182 − 34 = 148

ನಾನ್-ಎಚ್‌ಡಿಎಲ್ ಅಂದರೆ ಬ್ಲಾಕ್ ಕಟ್ಟಬಲ್ಲ ಎಲ್ಲ ಬಗೆಯ ಕಣಗಳಲ್ಲಿರುವ ಕೊಲೆಸ್ಟ್ರಾಲ್‌ನ ಮೊತ್ತ. ಎಲ್‌ಡಿಎಲ್ ಜೊತೆಗೆ ಟ್ರೈಗ್ಲಿಸರೈಡ್ ಹೊತ್ತ ಕಣಗಳೂ ಇದರಲ್ಲಿ ಸೇರಿವೆ. ಶುಗರ್ ಇದ್ದವರಿಗೆ ಎಲ್‌ಡಿಎಲ್ ಒಂದಕ್ಕಿಂತ ಇದು ಹೆಚ್ಚು ನಂಬಿಕೆಯ ಸಂಖ್ಯೆ. ಉಪವಾಸವಿದ್ದರೂ ಇಲ್ಲದಿದ್ದರೂ ಹೆಚ್ಚೇನೂ ಬದಲಾಗುವುದಿಲ್ಲ, ಖರ್ಚೂ ಇಲ್ಲ. ಕಣಗಳನ್ನೇ ಎಣಿಸಬೇಕೆಂದರೆ ‘ಅಪೊ-ಬಿ’ ಎಂಬ ಪರೀಕ್ಷೆ ಇದೆ. ಒಂದು ಕಣಕ್ಕೆ ಒಂದೇ ಅಪೊ-ಬಿ ಅಣು ಇರುವುದರಿಂದ ಅದು ಪೊಟ್ಟಣ ಎಣಿಸಿದ ಹಾಗೆ. ಟ್ರೈಗ್ಲಿಸರೈಡ್ ಸದಾ ಹೆಚ್ಚಿರುವವರಿಗೆ ಅದು ಉಪಯುಕ್ತ.

ಇನ್ನು ಎಲ್‌ಡಿಎಲ್. ಹೆಚ್ಚಿನ ಲ್ಯಾಬ್‌ಗಳಲ್ಲಿ ಇದನ್ನು ಅಳೆಯುವುದಿಲ್ಲ, ಸೂತ್ರ ಹಾಕಿ ತೆಗೆಯುತ್ತಾರೆ. ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿ, ಎಚ್‌ಡಿಎಲ್ ಜೊತೆ ಅದನ್ನೂ ಒಟ್ಟು ಕೊಲೆಸ್ಟ್ರಾಲ್‌ನಿಂದ ಕಳೆಯುತ್ತಾರೆ: 182 − 34 − 48 = 100. 1972ರ ಫ್ರೀಡ್‌ವಾಲ್ಡ್ ಸೂತ್ರ ಇದು. ಟ್ರೈಗ್ಲಿಸರೈಡ್ 400 ದಾಟಿದರೆ ಇದು ಕೆಲಸಕ್ಕೆ ಬಾರದು. 200–400ರ ನಡುವೆಯೂ ಎಲ್‌ಡಿಎಲ್ ಇರುವುದಕ್ಕಿಂತ ಕಡಿಮೆ ತೋರಿಸುವ ಸಾಧ್ಯತೆ ಇದೆ. ಅಂಥವರು ‘ಡೈರೆಕ್ಟ್ ಎಲ್‌ಡಿಎಲ್’ ಮಾಡಿಸಬಹುದು, ಇಲ್ಲವೇ ನಾನ್-ಎಚ್‌ಡಿಎಲ್ ನೋಡಿದರೂ ಸಾಕು.

ರಿಪೋರ್ಟ್‌ನ ಕೊನೆಯಲ್ಲಿ ಬರುವ ಅನುಪಾತಗಳಿಗೆ ತಲೆ ಕೆಡಿಸಿಕೊಳ್ಳಬೇಡಿ, ಚಿಕಿತ್ಸೆಯ ಗುರಿ ನಿಂತಿರುವುದು ಅವುಗಳ ಮೇಲಲ್ಲ. “ಎಚ್‌ಡಿಎಲ್ ಒಳ್ಳೆಯ ಕೊಲೆಸ್ಟ್ರಾಲ್, ಅದು 60 ಇದೆ, ನನಗೇನೂ ಆಗಲ್ಲ” ಎಂಬ ಧೈರ್ಯವೂ ಬೇಡ. ಎಚ್‌ಡಿಎಲ್ ಏರಿಸುವ ಔಷಧಗಳನ್ನು ಪರೀಕ್ಷಿಸಿ ನೋಡಿದ್ದಾರೆ. ಸಂಖ್ಯೆ ಏರಿತು, ಹೃದಯಾಘಾತಗಳು ಅದಕ್ಕೆ ತಕ್ಕಂತೆ ಇಳಿಯಲಿಲ್ಲ.

ವಿದೇಶದಲ್ಲಿರುವ ಓದುಗರಿಗೆ: ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾದ ರಿಪೋರ್ಟ್‌ಗಳು ಮಿಲಿಮೋಲ್ ಲೆಕ್ಕದಲ್ಲಿರುತ್ತವೆ. ಕೊಲೆಸ್ಟ್ರಾಲ್‌ಗೆ 38.7ರಿಂದ, ಟ್ರೈಗ್ಲಿಸರೈಡ್‌ಗೆ 88.5ರಿಂದ ಗುಣಿಸಿದರೆ ನಮ್ಮ ಲೆಕ್ಕ ಸಿಗುತ್ತದೆ. ಅಲ್ಲಿನ ಎಲ್‌ಡಿಎಲ್ 1.8 ಅಂದರೆ ಇಲ್ಲಿನ 70. ಊರಿನ ಡಾಕ್ಟರಿಗೆ ರಿಪೋರ್ಟ್ ಕಳಿಸುವಾಗ ಇದನ್ನು ಮರೆಯಬೇಡಿ.

ಹಂತ 3: ನಿಮ್ಮ ಗುರಿ ಯಾವುದು

ಭಾರತೀಯ ಹೃದ್ರೋಗ ತಜ್ಞರ ಸಂಘ (ಕಾರ್ಡಿಯೊಲಾಜಿಕಲ್ ಸೊಸೈಟಿ ಆಫ್ ಇಂಡಿಯಾ) 2024ರಲ್ಲಿ ನಮ್ಮ ದೇಶಕ್ಕೆಂದೇ ಮಾರ್ಗಸೂಚಿ ಹೊರಡಿಸಿತು. ಅದರ ಗುರಿಗಳು ಹೀಗಿವೆ:

ಸಾಮಾನ್ಯ ಜನರಿಗೆ: ಎಲ್‌ಡಿಎಲ್ 100ಕ್ಕಿಂತ ಕಡಿಮೆ, ನಾನ್-ಎಚ್‌ಡಿಎಲ್ 130ಕ್ಕಿಂತ ಕಡಿಮೆ.
ಮಧುಮೇಹ ಇರುವವರಿಗೆ: ಎಲ್‌ಡಿಎಲ್ 70ಕ್ಕಿಂತ ಕಡಿಮೆ, ನಾನ್-ಎಚ್‌ಡಿಎಲ್ 100ಕ್ಕಿಂತ ಕಡಿಮೆ.
ಈಗಾಗಲೇ ಹೃದಯಾಘಾತ, ಪಾರ್ಶ್ವವಾಯು ಆದವರಿಗೆ, ದೀರ್ಘಕಾಲದ ಕಿಡ್ನಿ ಕಾಯಿಲೆ ಇರುವವರಿಗೆ: ಎಲ್‌ಡಿಎಲ್ 55ಕ್ಕಿಂತ ಕಡಿಮೆ, ನಾನ್-ಎಚ್‌ಡಿಎಲ್ 85ಕ್ಕಿಂತ ಕಡಿಮೆ.

ಮಾದರಿ ರಿಪೋರ್ಟ್‌ಗೆ ವಾಪಸ್ ಬನ್ನಿ. ಶುಗರ್ ಇರುವವರ ಅಳತೆಯಲ್ಲಿ ಎಲ್‌ಡಿಎಲ್ 30 ಹೆಚ್ಚು, ನಾನ್-ಎಚ್‌ಡಿಎಲ್ 48 ಹೆಚ್ಚು. ‘ನಾರ್ಮಲ್’ ಎಂದು ಮಡಚಿಟ್ಟ ರಿಪೋರ್ಟ್ ಇದು.

ಹಂತ 4: ಕೊಲೆಸ್ಟ್ರಾಲ್ ಏರಿಸುವ ಬೇರೆ ಕಾರಣ ಇದೆಯೇ ನೋಡಿ

ಮೊದಲ ಹಂತದಲ್ಲಿ ಮಾಡಿಸಿದ ಉಳಿದ ಪರೀಕ್ಷೆಗಳು ಇಲ್ಲಿ ಬೇಕು. ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತಿದ್ದರೆ (ಟಿಎಸ್‌ಎಚ್ ಹೆಚ್ಚಿದ್ದರೆ) ಎಲ್‌ಡಿಎಲ್ ಏರುತ್ತದೆ. ಅದಕ್ಕೆ ಚಿಕಿತ್ಸೆ ಕೊಡದೆ ಕೊಲೆಸ್ಟ್ರಾಲ್ ಮಾತ್ರೆ ಹೆಚ್ಚಿಸಿದರೆ ಸ್ನಾಯು ನೋವು ಬರುವ ಸಾಧ್ಯತೆಯೂ ಹೆಚ್ಚು. ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿದ್ದರೆ ಕಿಡ್ನಿಗೆ ಪೆಟ್ಟು ಬೀಳುತ್ತಿದೆ ಎಂದರ್ಥ, ಆಗ ನಿಮ್ಮ ಗುರಿಯೇ ಕೆಳಗಿಳಿಯಬಹುದು. ಎಚ್‌ಬಿಎ1ಸಿ 10, 11 ಇದ್ದಾಗ ಟ್ರೈಗ್ಲಿಸರೈಡ್ 400–500 ಇರುವುದು ಆಶ್ಚರ್ಯವಲ್ಲ. ಸಕ್ಕರೆ ಹತೋಟಿಗೆ ಬಂದರೆ ಅದೂ ತಾನಾಗಿ ಇಳಿಯುತ್ತದೆ, ಆದರೆ ಎಲ್‌ಡಿಎಲ್ ಅಷ್ಟಾಗಿ ಇಳಿಯುವುದಿಲ್ಲ. “ಶುಗರ್ ಕಂಟ್ರೋಲ್ ಮಾಡಿದರೆ ಕೊಲೆಸ್ಟ್ರಾಲ್ ತಾನೇ ಸರಿಹೋಗುತ್ತದೆ” ಎಂಬ ಮಾತು ಅರ್ಧ ಮಾತ್ರ ನಿಜ. ಉಬ್ಬಸಕ್ಕೋ ಸಂಧಿವಾತಕ್ಕೋ ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಹಂತ 5: ಮಾತ್ರೆ

ಮೊದಲ ಆಯ್ಕೆ ಸ್ಟಾಟಿನ್. ಇದು ಲಿವರ್‌ನಲ್ಲಿ ಕೊಲೆಸ್ಟ್ರಾಲ್ ತಯಾರಿಯನ್ನು ತಗ್ಗಿಸುತ್ತದೆ. ಆಗ ಲಿವರ್ ತನಗೆ ಬೇಕಾದ್ದನ್ನು ರಕ್ತದಲ್ಲಿನ ಎಲ್‌ಡಿಎಲ್‌ನಿಂದ ಎಳೆದುಕೊಳ್ಳುತ್ತದೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಟೋರ್ವಾಸ್ಟಾಟಿನ್ ಮತ್ತು ರೋಸುವಾಸ್ಟಾಟಿನ್. ಶುಗರ್ ಇರುವ 40ರಿಂದ 75 ವರ್ಷದವರಿಗೆ, ಹೃದಯದ ತೊಂದರೆ ಇಲ್ಲದಿದ್ದರೂ, ಎಲ್‌ಡಿಎಲ್ ಎಷ್ಟೇ ಇದ್ದರೂ ಸ್ಟಾಟಿನ್ ಕೊಡಬೇಕು ಎಂಬುದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ನಿನ ಸಲಹೆ. ಲೇಖನದ ಮೊದಲಿಗೆ ಬಂದ ಪ್ರಶ್ನೆಗೆ ಉತ್ತರ ಇದೇ.

ಇದಕ್ಕೆ ಆಧಾರವೂ ಗಟ್ಟಿಯಾಗಿದೆ. 2004ರಲ್ಲಿ ಪ್ರಕಟವಾದ ‘ಕಾರ್ಡ್ಸ್’ ಅಧ್ಯಯನದಲ್ಲಿ, ಹೃದ್ರೋಗ ಇಲ್ಲದ, ಎಲ್‌ಡಿಎಲ್ ಅಷ್ಟೇನೂ ಹೆಚ್ಚಿರದ 2838 ಟೈಪ್ 2 ಮಧುಮೇಹಿಗಳ ಪೈಕಿ ಅರ್ಧ ಜನರಿಗೆ ಅಟೋರ್ವಾಸ್ಟಾಟಿನ್ 10 ಮಿ.ಗ್ರಾಂ. ಕೊಟ್ಟರು. ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಪೆಟ್ಟುಗಳು ಅವರಲ್ಲಿ ಶೇ. 37ರಷ್ಟು ಕಡಿಮೆಯಾದವು. ಲಾಭ ಅಷ್ಟು ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ಎರಡು ವರ್ಷ ಮೊದಲೇ ನಿಲ್ಲಿಸಿದರು.

ಡೋಸ್ ಲೆಕ್ಕ ತಿಳಿದಿದ್ದರೆ ಡಾಕ್ಟರ್ ಬರೆದ ಚೀಟಿ ಅರ್ಥವಾಗುತ್ತದೆ. ಎಲ್‌ಡಿಎಲ್ 130 ಇದೆ ಅಂದುಕೊಳ್ಳಿ. ಅಟೋರ್ವಾಸ್ಟಾಟಿನ್ 10 ಮಿ.ಗ್ರಾಂ. ಸುಮಾರು ಶೇ. 37 ಇಳಿಸುತ್ತದೆ, ಅಂದರೆ 82ಕ್ಕೆ ಬರುತ್ತದೆ. ಡೋಸ್ ಪ್ರತಿ ಸಲ ದುಪ್ಪಟ್ಟು ಮಾಡಿದಾಗ ಹೆಚ್ಚುವರಿಯಾಗಿ ಇಳಿಯುವುದು ಶೇ. 6 ಮಾತ್ರ. 20 ಮಿ.ಗ್ರಾಂ. ಕೊಟ್ಟರೆ 74, 40 ಮಿ.ಗ್ರಾಂ. ಕೊಟ್ಟರೆ 66. ಇದರ ಬದಲು 10 ಮಿ.ಗ್ರಾಂ. ಜೊತೆಗೇ ಎಜೆಟಿಮೈಬ್ 10 ಮಿ.ಗ್ರಾಂ. ಸೇರಿಸಿದರೆ ಉಳಿದ 82ರಲ್ಲಿ ಐದನೇ ಒಂದು ಭಾಗ ಇಳಿದು 65–66 ಆಗುತ್ತದೆ. ಎಜೆಟಿಮೈಬ್ ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೆಯನ್ನು ತಡೆಯುವ ಮಾತ್ರೆ. ಹೆಚ್ಚು ಡೋಸ್ ಸ್ಟಾಟಿನ್ ಒಗ್ಗದವರಿಗೆ ಇದು ಒಳ್ಳೆಯ ದಾರಿ. ಹೃದಯಾಘಾತ ಆದವರಲ್ಲಿ ಮಾತ್ರ ಸಾಮಾನ್ಯವಾಗಿ ದೊಡ್ಡ ಡೋಸ್‌ನಿಂದಲೇ ಶುರುಮಾಡುತ್ತಾರೆ: ಅಟೋರ್ವಾ 40–80, ಅಥವಾ ರೋಸುವಾ 20–40.

ಎಡವುವ ಜಾಗಗಳು ಇಲ್ಲೇ ಹೆಚ್ಚು.

*ಒಂದೇ ಮಾತ್ರೆ ಎರಡು ಹೆಸರಲ್ಲಿ.* ಮೆಡಿಕಲ್ ಶಾಪ್‌ನಲ್ಲಿ ಬ್ರ್ಯಾಂಡ್ ಬದಲಾಯಿಸಿ ಕೊಟ್ಟಾಗ, ಹಳೆಯ ಸ್ಟ್ರಿಪ್ ಮುಗಿಯದೆ ಎರಡನ್ನೂ ನುಂಗುವವರಿದ್ದಾರೆ. ದೊಡ್ಡಕ್ಷರದ ಬ್ರ್ಯಾಂಡ್ ಹೆಸರು ಬಿಟ್ಟು ಅದರ ಕೆಳಗೆ ಚಿಕ್ಕದಾಗಿ ಬರೆದ ಔಷಧದ ಹೆಸರು ಓದಿ. ಬ್ರ್ಯಾಂಡ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಸಾಮಾನ್ಯವಾಗಿ ಫೆನೊಫೈಬ್ರೇಟ್ (ಟ್ರೈಗ್ಲಿಸರೈಡ್ ಇಳಿಸುವ ಔಷಧ) ಸೇರಿದೆ. ‘ಗೋಲ್ಡ್’ ಇದ್ದರೆ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್, ಅಂದರೆ ರಕ್ತ ತೆಳುವಾಗಿಸುವ ಮಾತ್ರೆಗಳು ಸೇರಿರುತ್ತವೆ. ಅವುಗಳ ಬದಲು ಇನ್ನೊಂದನ್ನು ನೀವೇ ಕೊಳ್ಳುವಂತಿಲ್ಲ.

*ನಾರ್ಮಲ್ ಬಂತು, ನಿಲ್ಲಿಸಿದೆ.* ಎಲ್‌ಡಿಎಲ್ 62ಕ್ಕೆ ಬಂದಿರುವುದು ಮಾತ್ರೆಯಿಂದ. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಮೊದಲಿನ ಜಾಗಕ್ಕೆ ವಾಪಸ್.

*ಮೈಕೈ ನೋವು.* ತೊಡೆ, ಭುಜದ ಎರಡೂ ಕಡೆ ನೋವು ಬಂದರೆ ಮಾತ್ರೆಯನ್ನು ಅನುಮಾನಿಸುವುದು ಸಹಜ. ಆದರೆ 2020ರ ‘ಸ್ಯಾಮ್ಸನ್’ ಪ್ರಯೋಗದಲ್ಲಿ ತೊಂದರೆಯ ಶೇ. 90ರಷ್ಟು ಭಾಗ ಔಷಧವಿಲ್ಲದ ಹುಸಿ ಮಾತ್ರೆಯಲ್ಲೂ ಕಂಡಿತ್ತು. ಅಂದರೆ ನೋವು ನಿಜ, ಕಾರಣ ಬಹುತೇಕ ಬೇರೆ. ಡಾಕ್ಟರಿಗೆ ಹೇಳಿ ಸಿಕೆ ಎಂಬ ಸ್ನಾಯುವಿನ ಪರೀಕ್ಷೆ, ಟಿಎಸ್‌ಎಚ್, ವಿಟಮಿನ್ ಡಿ ನೋಡಿಸಿ. ಕೆಲ ದಿನ ಬಿಟ್ಟು, ಕಡಿಮೆ ಡೋಸ್‌ನಲ್ಲಿ ಅಥವಾ ಬೇರೆ ಸ್ಟಾಟಿನ್‌ನಲ್ಲಿ ಮತ್ತೆ ಶುರುಮಾಡಬಹುದು. ನೋವಿನ ಜೊತೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮಾತ್ರ ತಕ್ಷಣ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ.

*ಸ್ಟಾಟಿನ್‌ನಿಂದ ಶುಗರ್ ಬರುತ್ತಂತೆ.* ಬರುವ ಅಂಚಿನಲ್ಲಿದ್ದವರಲ್ಲಿ ಸ್ವಲ್ಪ ಬೇಗ ಬರಬಹುದು, ಇದು ನಿಜ. ಈಗಾಗಲೇ ಶುಗರ್ ಇರುವವರಲ್ಲಿ ಎಚ್‌ಬಿಎ1ಸಿ ಏರುವುದು ಅತ್ಯಲ್ಪ, ಸುಮಾರು 0.1. ಅದರ ಎದುರು ಹೃದಯಕ್ಕೆ ಸಿಗುವ ಲಾಭ ಬಹಳ ದೊಡ್ಡದು.

*ಬೇರೆ ಔಷಧಗಳು.* ಅಟೋರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್ ತೆಗೆದುಕೊಳ್ಳುವವರಿಗೆ ಕ್ಲಾರಿಥ್ರೊಮೈಸಿನ್ ಆಂಟಿಬಯೋಟಿಕ್ ಅಥವಾ ಹುಳುಕಡ್ಡಿಗೆ ಕೊಡುವ ಇಟ್ರಾಕೊನಜೋಲ್ ಬರೆದರೆ, ಸ್ಟಾಟಿನ್ ರಕ್ತದಲ್ಲಿ ಜಾಸ್ತಿ ಸೇರುತ್ತದೆ. ಚರ್ಮದ ಡಾಕ್ಟರಿಗೂ ನಿಮ್ಮ ಮಾತ್ರೆಗಳ ಪಟ್ಟಿ ತೋರಿಸಿ. ಗ್ರೇಪ್‌ಫ್ರೂಟ್ ಕೂಡ ಇದೇ ಕೆಲಸ ಮಾಡುತ್ತದೆ. ನಮ್ಮ ಚಕ್ಕೋತ ಅದೇ ಬಳಗದ ಹಣ್ಣು, ಹಾಗಾಗಿ ದಿನಾ ತಿನ್ನುವ ಅಭ್ಯಾಸವಿದ್ದರೆ ಡಾಕ್ಟರನ್ನು ಕೇಳಿ.

*ಗರ್ಭಿಣಿಯಾಗಲು ಯೋಚಿಸುತ್ತಿರುವವರು* ಮೊದಲೇ ತಿಳಿಸಬೇಕು. ಸಾಮಾನ್ಯವಾಗಿ ಸ್ಟಾಟಿನ್ ನಿಲ್ಲಿಸುತ್ತಾರೆ.

ಟ್ರೈಗ್ಲಿಸರೈಡ್ 200–300 ಇದೆ ಎಂದ ಕೂಡಲೇ ಫೆನೊಫೈಬ್ರೇಟ್ ಸೇರಿಸುವ ರೂಢಿ ನಮ್ಮಲ್ಲಿ ಬೇಕಾದ್ದಕ್ಕಿಂತ ಹೆಚ್ಚಿದೆ. ಮಧುಮೇಹಿಗಳ ಮೇಲೆ ನಡೆದ ‘ಅಕಾರ್ಡ್’ ಅಧ್ಯಯನದಲ್ಲಿ (2010) ಸ್ಟಾಟಿನ್ ಜೊತೆ ಇದನ್ನು ಕೊಟ್ಟಾಗ ಒಟ್ಟಾರೆ ಹೃದಯದ ಪೆಟ್ಟುಗಳು ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ಆದರೆ 500 ದಾಟಿದರೆ ಕಥೆ ಬೇರೆ. ಆಗ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವಿದೆ, ಅಲ್ಲಿ ಇದು ಬೇಕು.

ಬೆಲೆ ಭಾರವಾದರೆ ಜನೌಷಧಿ ಕೇಂದ್ರದಲ್ಲಿ ಬ್ರ್ಯಾಂಡ್ ಹೆಸರಿಲ್ಲದ ಸ್ಟಾಟಿನ್ ಕಡಿಮೆ ಬೆಲೆಗೆ ಸಿಗುತ್ತದೆ. ಅಟೋರ್ವಾ, ರೋಸುವಾ ಎರಡನ್ನೂ ದಿನದ ಯಾವ ಹೊತ್ತಿಗೆ ಬೇಕಾದರೂ ನುಂಗಬಹುದು. ರಾತ್ರಿಯೇ ಬೇಕೆಂಬ ನಿಯಮ ಸಿಮ್ವಾಸ್ಟಾಟಿನ್‌ನಂಥ, ದೇಹದಿಂದ ಬೇಗ ಹೊರಹೋಗುವ ಮಾತ್ರೆಗಳಿಗೆ. ರಾತ್ರಿ ಮರೆಯುವವರು ಬೆಳಗಿನ ಶುಗರ್ ಮಾತ್ರೆಯ ಜೊತೆಗೇ ಇಟ್ಟುಕೊಳ್ಳಿ.

ಹಂತ 6: ಅಡುಗೆಮನೆ

ಆಹಾರ ಬದಲಾವಣೆಯಿಂದ ಎಲ್‌ಡಿಎಲ್ ಸಾಮಾನ್ಯವಾಗಿ ಶೇ. 10–15 ಇಳಿಯುತ್ತದೆ. 130ನ್ನು 70ಕ್ಕೆ ತರಲು ಅದೊಂದೇ ಸಾಲದು. ಟ್ರೈಗ್ಲಿಸರೈಡ್ ಮಾತ್ರ ಊಟಕ್ಕೆ ಚೆನ್ನಾಗಿ ಬಗ್ಗುತ್ತದೆ.

ಎಲ್‌ಡಿಎಲ್ ಏರಿಸುವುದು ಸ್ಯಾಚುರೇಟೆಡ್ ಕೊಬ್ಬು: ತುಪ್ಪ, ಬೆಣ್ಣೆ, ತೆಂಗಿನೆಣ್ಣೆ, ಪಾಮ್ ಎಣ್ಣೆ. ದಿನಕ್ಕೆ 1800 ಕ್ಯಾಲೊರಿ ಊಟ ಮಾಡುವವರಿಗೆ ಇದು 14 ಗ್ರಾಂ ಒಳಗಿದ್ದರೆ ಒಳ್ಳೆಯದು. ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲೇ 11–12 ಗ್ರಾಂ ಇದೆ. 100 ಗ್ರಾಂ ಹಸಿ ತೆಂಗಿನಕಾಯಿಯಲ್ಲಿ ಸುಮಾರು 30 ಗ್ರಾಂ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಕಾಯಿ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ನಾಲ್ಕು ಜನರ ಸಾರಿಗೆ ರುಬ್ಬುವ ಕಾಯಿಯನ್ನು ಅರ್ಧ ಮಾಡಿ, ಪಲ್ಯಕ್ಕೆ ಉದುರಿಸುವುದನ್ನು ಬಿಡಿ, ಒಗ್ಗರಣೆಯನ್ನು ಕಡಲೆಕಾಯಿ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆಗೆ ಬದಲಿಸಿ.

ಎಣ್ಣೆ ಬಾಟಲಿಯ ಮೇಲಿನ ‘ಕೊಲೆಸ್ಟ್ರಾಲ್ ಫ್ರೀ’ ಬರಹಕ್ಕೆ ಬೆಲೆಯಿಲ್ಲ. ಗಿಡಮರಗಳ ಯಾವ ಎಣ್ಣೆಯಲ್ಲೂ ಗಣನೆಗೆ ಬರುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ನಮ್ಮ ದೇಹದಲ್ಲಿ ಆ ಎಣ್ಣೆ ಏನು ಮಾಡುತ್ತದೆ ಅನ್ನುವುದೇ ಮುಖ್ಯ. ಎಣ್ಣೆ ಯಾವುದೇ ಆಗಲಿ, ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಸಾಕು. ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಪ್ಯಾಕೆಟ್ ಖಾಲಿಯಾಗುತ್ತಿದ್ದರೆ ಲೆಕ್ಕ ಎಲ್ಲಿ ತಪ್ಪಿದೆ ಅನ್ನುವುದು ಗೊತ್ತಾಗುತ್ತದೆ. ಬೇಕರಿಯ ಪಫ್ಸ್, ಖಾರಾ ಬಿಸ್ಕತ್ತು, ಕ್ರೀಮ್ ಬನ್‌ಗಳಲ್ಲಿ ಮೈದಾ, ಡಾಲ್ಡಾ, ಸಕ್ಕರೆ ಒಟ್ಟಿಗೇ ಇರುತ್ತವೆ, ಎಲ್‌ಡಿಎಲ್ ಮತ್ತು ಟ್ರೈಗ್ಲಿಸರೈಡ್ ಎರಡನ್ನೂ ಏರಿಸುತ್ತವೆ.

ಟ್ರೈಗ್ಲಿಸರೈಡ್ ಏರಿಸುವುದರಲ್ಲಿ ಎಣ್ಣೆಗಿಂತ ಅನ್ನ, ಸಿಹಿ, ಮದ್ಯದ ಕೈ ದೊಡ್ಡದು. “ಎಣ್ಣೆನೇ ತಿನ್ನಲ್ಲ, ಆದರೂ 300 ಇದೆ” ಎನ್ನುವವರ ತಟ್ಟೆಯಲ್ಲಿ ಅನ್ನದ ರಾಶಿ ಇರುತ್ತದೆ. ಬೆಲ್ಲವೂ ಸಕ್ಕರೆಯೇ. ರಾಗಿ ಮುದ್ದೆ ಒಳ್ಳೆಯದೆಂದು ಎರಡು ಮುದ್ದೆ ನುಂಗಿದರೆ ಅದೂ ಪಿಷ್ಟವೇ. ಚಿಕ್ಕದೊಂದು ಮುದ್ದೆ, ಜೊತೆಗೆ ಹುರುಳಿ ಅಥವಾ ಕಾಳಿನ ಸಾರು, ಸೊಪ್ಪು ಇರಲಿ. ಕಾಳು, ಮೆಂತ್ಯ, ಬೆಂಡೆಕಾಯಿ, ಓಟ್ಸ್‌ನಲ್ಲಿರುವ ಕರಗುವ ನಾರು ಎಲ್‌ಡಿಎಲ್ ಅನ್ನೂ ಸ್ವಲ್ಪ ಇಳಿಸುತ್ತದೆ. ಮೆಂತ್ಯದ ನೀರು, ಬೆಳ್ಳುಳ್ಳಿ ಕುಡಿಯುವವರು ಕುಡಿಯಲಿ, ಆದರೆ ಸ್ಟಾಟಿನ್ ಬಿಟ್ಟು ಅವನ್ನೇ ನಂಬಬೇಡಿ.

ವಾರಕ್ಕೆ 150 ನಿಮಿಷ, ಮೈ ಬೆವರುವಷ್ಟು ಬಿರುಸಾದ ನಡಿಗೆ. ಊಟವಾದ ಮೇಲೆ ಹತ್ತು–ಹದಿನೈದು ನಿಮಿಷ ನಡೆದರೆ ಸಕ್ಕರೆಗೂ ಒಳ್ಳೆಯದು. ಬೀಡಿ, ಸಿಗರೇಟು ಸೇದುವವರು ಅದನ್ನು ಬಿಡದೆ ಮೇಲಿನ ಲೆಕ್ಕವನ್ನೆಲ್ಲ ಹಾಕಿ ಉಪಯೋಗವಿಲ್ಲ.

ಹಂತ 7: ಮರುಪರೀಕ್ಷೆ

ಮಾತ್ರೆ ಶುರುಮಾಡಿದ ಅಥವಾ ಡೋಸ್ ಬದಲಿಸಿದ 4ರಿಂದ 12 ವಾರದೊಳಗೆ ಲಿಪಿಡ್ ಪ್ರೊಫೈಲ್ ಮತ್ತೆ ಮಾಡಿಸಿ, ಸಾಧ್ಯವಾದರೆ ಅದೇ ಲ್ಯಾಬ್‌ನಲ್ಲಿ. ಪರೀಕ್ಷೆ ಇದೆಯೆಂದು ಹಿಂದಿನ ದಿನದ ಸ್ಟಾಟಿನ್ ಬಿಡಬೇಡಿ, ನೋಡಬೇಕಿರುವುದೇ ಅದರ ಕೆಲಸವನ್ನು. ಎಸ್‌ಜಿಪಿಟಿ ಮೇಲ್ಮಿತಿಯ ಮೂರು ಪಟ್ಟು ದಾಟದಿದ್ದರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವುದಿಲ್ಲ. ಗುರಿ ಮುಟ್ಟಿದ ಮೇಲೆ ವರ್ಷಕ್ಕೊಮ್ಮೆ ಸಾಕು. ಮುಟ್ಟದಿದ್ದರೆ ಡಾಕ್ಟರಿಗೆ ಮೊದಲು ಸತ್ಯ ಹೇಳಿ: ವಾರದಲ್ಲಿ ಎಷ್ಟು ದಿನ ಮಾತ್ರೆ ತಪ್ಪುತ್ತಿದೆ ಎಂದು. ಅದು ತಿಳಿಯದೆ ಡೋಸ್ ಹೆಚ್ಚಿಸುವುದು ಕತ್ತಲಲ್ಲಿ ಕಲ್ಲೆಸೆದ ಹಾಗೆ.

ಇವು ಕಂಡರೆ ರಿಪೋರ್ಟ್ ನೋಡುತ್ತ ಕೂರಬೇಡಿ

ಹಲವು ವರ್ಷ ಶುಗರ್ ಇದ್ದವರಲ್ಲಿ ನರಗಳಿಗೆ ಪೆಟ್ಟಾಗಿ, ಹೃದಯಾಘಾತದಲ್ಲೂ ಎದೆನೋವು ಕಾಣದೇ ಇರಬಹುದು. ಕಾರಣವಿಲ್ಲದ ತಣ್ಣನೆ ಬೆವರು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ದವಡೆ ಅಥವಾ ಎಡಗೈ ಸೆಳೆತ, ಗ್ಯಾಸ್ ಅಂದುಕೊಂಡ ಹೊಟ್ಟೆಯ ಮೇಲ್ಭಾಗದ ಉರಿ, ವಿಪರೀತ ಸುಸ್ತು, ಇವೇ ಸೂಚನೆ. ಮೊದಲು ಶುಗರ್ ಲೋ ಆಗಿದೆಯೇ ಎಂದು ಗ್ಲುಕೋಮೀಟರ್‌ನಲ್ಲಿ ನೋಡಿ, ಅದಕ್ಕೆ ಒಂದು ನಿಮಿಷ ಸಾಕು. ಸಕ್ಕರೆ ಲೋ ಆಗಿಲ್ಲದಿದ್ದರೆ 108ಕ್ಕೆ ಕರೆ ಮಾಡಿ, ಹತ್ತಿರದ ಇಸಿಜಿ ಇರುವ ಆಸ್ಪತ್ರೆಗೆ ಹೋಗಿ. ನೀವೇ ಬೈಕ್ ಓಡಿಸಿಕೊಂಡು ಹೋಗಬೇಡಿ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಹಲವು ಜಿಲ್ಲಾ, ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಬೇಕಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಹೊರಡುವಾಗ ಮಾತ್ರೆಗಳ ಪಟ್ಟಿಯನ್ನೋ ಅವುಗಳ ಫೋಟೋವನ್ನೋ ಜೊತೆಗಿಟ್ಟುಕೊಳ್ಳಿ. ಅದನ್ನು ಈಗಲೇ ಫೋನಿನಲ್ಲಿ ತೆಗೆದು, ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿಡಿ.